ಶನಿವಾರ ರಾತ್ರಿ ಗಂಟೆ ಇಳಿಸಿಡುತ್ತಿದ್ದ ಫಿಟ್ಟರಣ್ಣ

ಪುಂಜಾಲಕಟ್ಟೆ: ಮಂಗಳೂರಿನಿಂದ ಧರ್ಮಸ್ಥಳದ ಬಸ್ಸು ಹತ್ತಿದವರಿಗೆ ಪುಂಜಾಲಕಟ್ಟೆ ಗೊತ್ತಿಲ್ಲದೆ ಇಲ್ಲ. ಬಿ.ಸಿ.ರೋಡ್ ದಾಟಿ ಸುಮಾರು 20 ಕಿಲೋಮೀಟರ್. ಬಂಟ್ವಾಳ ತಾಲೂಕು ಮುಗಿದು ಬೆಳ್ತಂಗಡಿ ತಾಲೂಕು ಸುರುವಾಗುವ ಜಾಗ. ಕಂಡಕ್ಟರು ಎರಡು ಸಲ ಸೀಟಿ ಊದುವುದರೊಳಗೆ ಪೇಟೆ ಹಿಂದೆ ಬಿದ್ದಿರುತ್ತದೆ. ಆದರೆ ಈ ದಾರಿಯಲ್ಲಿ ಬಸ್ಸು, ಲಾರಿ, ಜೀಪು ಓಡಿಸಿ ತಲೆ ಹಣ್ಣಾದವರ ಹತ್ತಿರ ಕೇಳಿ ನೋಡಿ. ಅವರ ಬಾಯಲ್ಲಿ ಈ ಊರಿಗೆ ಇನ್ನೊಂದು ಗುರುತು ಉಂಟು. "ಓ, ನಮ್ಮ ಫಿಟ್ಟರಣ್ಣನ ಊರಾ?"

ಆ ಫಿಟ್ಟರಣ್ಣ ಈಗ ಇಲ್ಲ. ಮಳೆಗಾಲದ ಸುರುವಿನಲ್ಲಿ, ಮನೆಯಲ್ಲೇ, ಬೆಳಗ್ಗಿನ ಚಾ ಕುಡಿದು ಕೂತಲ್ಲೇ ತೀರಿಕೊಂಡರು. 82 ವರ್ಷವಾಗಿತ್ತು. "ಹೆಸರು ಹಾಕುವುದು ಬೇಡ, ಫೋಟೊ ಬೇಡ, ಅವರಿಗೆ ಅದೆಲ್ಲ ಆಗ್ತಿರಲಿಲ್ಲ" ಎಂದು ಮನೆಯವರು ಹೇಳಿದ್ದರಿಂದ ಹೆಸರು ಹಾಕಿಲ್ಲ. ಹಾಕಿದರೂ ಅರ್ಧ ಜನಕ್ಕೆ ಗುರುತು ಸಿಕ್ಕುತ್ತಿರಲಿಲ್ಲ. ರೇಶನ್ ಕಾರ್ಡಿನಲ್ಲಿ ಏನೇ ಇರಲಿ, ಊರಿಗೆ ಅವರು ಫಿಟ್ಟರಣ್ಣ.

ಅವರ ಗ್ಯಾರೇಜು ಎಂದರೆ ನಾಲ್ಕು ಕಲ್ಲಿನ ಕಂಬ, ಮೇಲೆ ತಗಡು, ಹಿಂದೆಯೇ ಮನೆ. ಎದುರು ಕಂಬಕ್ಕೆ ಒಂದು ಗಂಟೆ. ದೇವಸ್ಥಾನದ ಗಂಟೆಯಲ್ಲ ಮಾರಾಯ್ರೆ, ಬಸ್ಸಿನ ತುಂಡಾದ ಸ್ಪ್ರಿಂಗ್ ಪಟ್ಟಿ. ಎರಡು ಅಡಿ ಉದ್ದದ ಆ ಪಟ್ಟಿಯನ್ನು ಸರಿಗೆಯಲ್ಲಿ ನೇತು ಹಾಕಿ, ಪಕ್ಕದಲ್ಲೇ ಹಳೇ ವೀಲ್ ಸ್ಪ್ಯಾನರೊಂದನ್ನು ಕಟ್ಟಿದ್ದರು. ರಾತ್ರಿ ಎಷ್ಟು ಹೊತ್ತಿಗಾದರೂ ಸರಿ, ಗಾಡಿ ಕೈಕೊಟ್ಟವರು ಬಂದು ಎರಡು ಪೆಟ್ಟು ಹೊಡೆದರಾಯಿತು. ಒಳಗೆ ದೀಪ ಹೊತ್ತುತ್ತಿತ್ತು. ಅರ್ಧ ಕೈಯ ಬನಿಯನು, ಮಡಚಿ ಕಟ್ಟಿದ ಲುಂಗಿ, ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಗೋಣಿಚೀಲದ ಉಪಕರಣ. ಮೊದಲ ಮಾತು ಯಾವತ್ತೂ ಒಂದೇ: "ಗಾಡಿಯಲ್ಲಿ ಮಕ್ಕಳು ಉಂಟಾ?" ಉಂಟು ಎಂದರೆ ಮೊದಲು ಮಕ್ಕಳು ಮತ್ತು ಹೆಂಗಸರು ಮನೆಯ ಚಾವಡಿಗೆ. ಆಮೇಲೆ ಬೋನೆಟ್ಟು.

ಸ್ಪ್ರಿಂಗ್ ಪಟ್ಟಿಯ ಮಾತು ಬಂತಲ್ಲ, ನಮ್ಮ ಜಿಲ್ಲೆಗೂ ಬಸ್ಸಿನ ಸ್ಪ್ರಿಂಗಿಗೂ ಹಳೇ ನೆಂಟಸ್ತಿಕೆ. ಮಂಗಳೂರಿನಲ್ಲಿ ವಾಮನ ಶ್ರೀನಿವಾಸ ಕುಡ್ವರು ಕಟ್ಟಿದ ಕೆನರಾ ವರ್ಕ್‌ಶಾಪಿನ ಸ್ಪ್ರಿಂಗುಗಳು ಒಂದು ಕಾಲಕ್ಕೆ ದೇಶದ ನಾನಾ ಕಡೆ ಹೋಗುತ್ತಿದ್ದವು. 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕಿಗೆ ಬುನಾದಿ ಹಾಕಿದ ಮೂವರಲ್ಲಿ ಒಬ್ಬರು ಇದೇ ಇಂಜಿನಿಯರ್ ಕುಡ್ವರು. ಉಳಿದಿಬ್ಬರು ಉಪೇಂದ್ರ ಪೈ ಮತ್ತು ಡಾ. ಟಿ.ಎಂ.ಎ. ಪೈ. ಆ ಬ್ಯಾಂಕು 2020ರ ಎಪ್ರಿಲ್ 1ಕ್ಕೆ ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು. ಹಾಗೆ ನೋಡಿದರೆ ಫಿಟ್ಟರಣ್ಣನ ವಿದ್ಯೆಗೂ ಕುತ್ತು ಬಂದದ್ದು ಅದೇ ತಾರೀಕಿಗೆ. ಬಿ.ಎಸ್. 6 ಇಂಜಿನಿನ ಕಾನೂನು ಜಾರಿಗೆ ಬಂದ ದಿನವೂ ಅದೇ. ಅದನ್ನು ಮುಂದೆ ಹೇಳುತ್ತೇನೆ.

ಇದ್ದಿಲು ಬಸ್ಸಿನ ಶಿಷ್ಯರ ಶಿಷ್ಯ

ಫಿಟ್ಟರಣ್ಣ ಐದನೇ ಕ್ಲಾಸಿಗೆ ಶಾಲೆ ಬಿಟ್ಟವರು. ಹದಿನಾಲ್ಕನೇ ವಯಸ್ಸಿಗೆ ಬಂಟ್ವಾಳದ ಒಂದು ವರ್ಕ್‌ಶಾಪಿಗೆ ಡೀಸೆಲಿನಲ್ಲಿ ನಟ್ಟು ತೊಳೆಯಲಿಕ್ಕೆ ಸೇರಿದರು. ಅಲ್ಲಿದ್ದ ಹಿರಿಯ ಮೆಕ್ಯಾನಿಕ್ಕು ಎರಡನೇ ಮಹಾಯುದ್ಧದ ಕಾಲದ ಮನುಷ್ಯ. ಆಗ ಪೆಟ್ರೋಲಿಗೆ ಬರ. ಬಸ್ಸಿನ ಹಿಂದೆ ದೊಡ್ಡ ಹಂಡೆಯಂಥ ಒಲೆ ಕಟ್ಟಿ, ಇದ್ದಿಲು ಸುಟ್ಟು, ಅದರ ಗ್ಯಾಸಿನಲ್ಲಿ ಬಸ್ಸು ಓಡಿಸುತ್ತಿದ್ದರು. ಹೊರಡುವ ಮೊದಲು ಕ್ಲೀನರು ಗಾಳಿಯಂತ್ರ ತಿರುಗಿಸಿ ತಿರುಗಿಸಿ ಬೆಂಕಿ ಎಬ್ಬಿಸಬೇಕು. ಏರಿನಲ್ಲಿ ಪ್ರಯಾಣಿಕರು ಇಳಿದು ದೂಡಬೇಕು. ಆ ಹಿರಿಯರಿಂದ ಕಲಿತದ್ದು ಒಂದೇ ವಿದ್ಯೆ ಎಂದು ಫಿಟ್ಟರಣ್ಣ ಹೇಳುತ್ತಿದ್ದರು: "ಇಂಜಿನಿಗೆ ಕೈ ಹಾಕುವ ಮೊದಲು ಕಿವಿ ಕೊಡು."

ಲೇಲ್ಯಾಂಡು, ಟಾಟಾ ಮರ್ಸಿಡಿಸ್ ಎಲ್ಲ ಅವರ ಕಿವಿಗೆ ಮನೆಯ ದನದ ಕೂಗಿನ ಹಾಗೆ. ಟಾಟಾದವರು ಜರ್ಮನಿಯ ಡೈಮ್ಲರ್ ಬೆಂಜ್ ಜತೆ ಸೇರಿ 1954ರಲ್ಲಿ ಲಾರಿ ತಯಾರಿಸಲು ಸುರುಮಾಡಿದರು. ಆ ಕರಾರು 1969ರವರೆಗೆ ಇತ್ತು. "ಹಳೇ ಬೆಂಜ್ ಇಂಜಿನ್ ಸುಳ್ಳು ಹೇಳುವುದಿಲ್ಲ. ಎಲ್ಲಿ ನೋವು ಅಂತ ಅದೇ ಹೇಳ್ತದೆ" ಎನ್ನುವುದು ಅವರ ತೀರ್ಪು.

1972ರಲ್ಲಿ ಪುಂಜಾಲಕಟ್ಟೆಯಲ್ಲಿ ಸ್ವಂತ ತಗಡು ಏರಿಸಿದರು. ಎರಡೇ ವರ್ಷಕ್ಕೆ 1974ರ ಜುಲೈ ನೆರೆ ಬಂತು. ನೇತ್ರಾವತಿ ಉಕ್ಕಿ ಬಂಟ್ವಾಳ ಪೇಟೆಯೂ ಪಾಣೆಮಂಗಳೂರೂ ನೀರಿನಡಿಯಾದದ್ದನ್ನು ನಮ್ಮ ಅಜ್ಜ ಅಜ್ಜಿಯಂದಿರ ಬಾಯಿಯಿಂದ ಕೇಳದವರು ಯಾರಿದ್ದಾರೆ? ಘಟ್ಟದ ಕಡೆಯಿಂದ ಬಂದ ಗಾಡಿಗಳು ಮುಂದೆ ಹೋಗಲಾಗದೆ ಪುಂಜಾಲಕಟ್ಟೆಯಲ್ಲೇ ಸಾಲು ನಿಂತವಂತೆ. ಆಗಷ್ಟೇ ಮದುವೆಯಾಗಿ ಬಂದಿದ್ದ ಹೆಂಡತಿ ಮನೆಯಲ್ಲಿದ್ದ ಕುಚ್ಚಲಕ್ಕಿಯನ್ನೆಲ್ಲ ಗಂಜಿ ಬೇಯಿಸಿದರು. "ನನ್ನ ಹೊಸ ಅಡುಗೆಯ ಪರೀಕ್ಷೆ ಮಾಡಿದ್ದು ಕಡೂರು ಕಡೆಯ ಲಾರಿ ಡ್ರೈವರುಗಳು" ಎಂದು ಆ ಅಮ್ಮ ಇವತ್ತೂ ನಗುತ್ತಾರೆ.

ಬಿಲ್ಲಿನ ವಿಷಯದಲ್ಲಿ ಫಿಟ್ಟರಣ್ಣನದ್ದು ವಿಚಿತ್ರ ಲೆಕ್ಕ. ಡೀಸೆಲ್ ಗಾಡಿಗೆ ಏರ್‌ಲಾಕ್ ಆದರೆ ದುಡ್ಡು ಇಲ್ಲ. ಯಾಕೆಂದರೆ ಅದು ರಿಪೇರಿಯೇ ಅಲ್ಲವಂತೆ. ಡೀಸೆಲ್ ಖಾಲಿಯಾಗಿ ಪೈಪಿನೊಳಗೆ ಗಾಳಿ ಹೊಕ್ಕರೆ ಇಂಜಿನ್ ಹೊತ್ತುವುದಿಲ್ಲ. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲ ಮಾಡಿ, ಕೈಪಂಪು ಒತ್ತುತ್ತಾ ಹೋದರೆ ಗುಳ್ಳೆಗುಳ್ಳೆಯಾಗಿ ಡೀಸೆಲ್ ಬರುತ್ತದೆ. ಗುಳ್ಳೆ ನಿಂತು ಬರೀ ಡೀಸೆಲ್ ಹರಿದಾಗ ಸ್ಕ್ರೂ ಬಿಗಿ ಮಾಡುವುದು. ಇಷ್ಟೇ. ಅದನ್ನು ಡ್ರೈವರನ ಕೈಯಲ್ಲೇ ಮಾಡಿಸಿ, "ಇನ್ನು ಇದಕ್ಕೆ ನನ್ನ ನಿದ್ದೆ ಹಾಳು ಮಾಡಬೇಡ" ಎಂದು ಕಳಿಸುತ್ತಿದ್ದರು. ಟಾಂಕಿ ತೂತಾಗಿ ಸೋರಿದರೆ ಬಟ್ಟೆ ಸಾಬೂನನ್ನು ಮೆತ್ತಿ ಮೆತ್ತಿ ಒತ್ತಿ, ಬೆಳ್ತಂಗಡಿ ಮುಟ್ಟಿಸುವ ಉಪಾಯವೂ ಧರ್ಮಕ್ಕೆ. ಬೇರಿಂಗು, ಕ್ಲಚ್ ಪ್ಲೇಟು ಬಂದರೆ ಮಾತ್ರ ಚೌಕಾಸಿ ಇಲ್ಲ. ಸಾಮಾನಿನ ಬಿಲ್ಲು ಎದುರಿಗಿಟ್ಟು, ಕೂಲಿ ಇಷ್ಟು ಎಂದರೆ ಅಷ್ಟೇ. ಸಾಲ ಬರೆದಿಡುವ ಪುಸ್ತಕವೂ ಇರಲಿಲ್ಲ. ಕೊಡುವವ ಕೊಡುತ್ತಾನೆ. ಕೊಡದವನ ಹೆಸರು ಬರೆದರೆ ಶಾಯಿ ದಂಡ!

ಒಂದು ಮೇಳದ ವ್ಯಾನು ಮಧ್ಯಾಹ್ನ ಇಲ್ಲಿ ಕೆಟ್ಟು ನಿಂತ ಕಥೆಯನ್ನು ಊರಿನವರು ಈಗಲೂ ಹೇಳುತ್ತಾರೆ. ರಾತ್ರಿ ವಾಮದಪದವಿನ ಕಡೆ ಬಯಲಾಟ. ವೇಷದ ಪೆಟ್ಟಿಗೆಯೆಲ್ಲ ವ್ಯಾನಿನಲ್ಲಿ. ಗೇರ್‌ಬಾಕ್ಸ್ ಇಳಿಸಿ, ಬಿಚ್ಚಿ, ಜೋಡಿಸಿ, ದೀಪ ಹಚ್ಚುವ ಹೊತ್ತಿಗೆ ಗಾಡಿ ಹೊರಡಿಸಿದರು. ಕೂಲಿ ಎಷ್ಟು ಎಂದು ಮೇಳದವರು ಕೇಳಿದಾಗ, "ನನಗೂ ಹೆಂಡತಿ ಮಕ್ಕಳಿಗೂ ಅದೇ ವ್ಯಾನಿನಲ್ಲಿ ಜಾಗ ಕೊಡಿ" ಎಂದರಂತೆ. ಬೆಳಗಿನವರೆಗೆ ಚಾಪೆ ಹಾಕಿ ಆಟ ನೋಡಿ, ಮೊದಲ ಬಸ್ಸಿಗೆ ವಾಪಸು.

ಬೋಲ್ಟು ಬಿಟ್ಟವ ನಾನು

ಇಷ್ಟೆಲ್ಲ ಹೇಗೆ ಗೊತ್ತು ಎಂದು ಓದುಗರು ಕೇಳಬಹುದು. 2007ರಲ್ಲಿ ಎರಡನೇ ಪಿಯುಸಿಯನ್ನು ಅರ್ಧಕ್ಕೆ ಬಿಟ್ಟು ಬೀದಿ ಅಳೆಯುತ್ತಿದ್ದ ನನ್ನನ್ನು ಅಪ್ಪ ತಂದು ಬಿಟ್ಟದ್ದು ಇದೇ ತಗಡಿನಡಿಗೆ. ಎಂಟು ತಿಂಗಳು ಇದ್ದೆ. ಕಲಿತದ್ದಕ್ಕಿಂತ ಹಾಳು ಮಾಡಿದ್ದೇ ಹೆಚ್ಚು.

ಇಷ್ಟು ವರ್ಷ ಯಾರಿಗೂ ಹೇಳದ ಒಂದು ವಿಷಯವನ್ನು ಈಗ ಬರೆಯಬೇಕು. ಸರ್ವಿಸ್ ಜೀಪು ಓಡಿಸುವ ಒಬ್ಬರು ಆಯಿಲ್ ಬದಲಿಸಲಿಕ್ಕೆ ಬಂದಿದ್ದರು. ಕೆಳಗೆ ಮಲಗಿ ಸಂಪಿನ ಬೋಲ್ಟು ಹಾಕಿದವ ನಾನು. ಕೈಯಲ್ಲಿ ತಿರುಗಿಸಿದ್ದೆ, ಸ್ಪ್ಯಾನರಿನಲ್ಲಿ ಬಿಗಿ ಮಾಡುವುದು ಮರೆತಿದ್ದೆ. ಎದುರಿನ ಹೋಟೆಲಿನಿಂದ ಯಾರೋ ಕರೆದರು, ಎದ್ದು ಹೋದೆ, ಅಷ್ಟೆ. ಗುರುವಾಯನಕೆರೆ ಮುಟ್ಟುವ ಮೊದಲೇ ಬೋಲ್ಟು ಕಳಚಿ ಬಿದ್ದು ಆಯಿಲೆಲ್ಲ ರಸ್ತೆ ಪಾಲು. ಇಂಜಿನ್ ಕಚ್ಚಿಕೊಂಡು ನಿಂತಿತು. ಬಾಡಿಗೆಯಲ್ಲೇ ಮನೆ ನಡೆಸುವ ಮನುಷ್ಯ. ಜೀಪನ್ನು ಎಳೆಸಿಕೊಂಡು ಬಂದು, ಅಳುವುದೋ ಬೈಯುವುದೋ ಗೊತ್ತಾಗದೆ ನಿಂತಿದ್ದರು.

ಫಿಟ್ಟರಣ್ಣ ಒಮ್ಮೆ ಬಗ್ಗಿ ಕೆಳಗೆ ನೋಡಿದರು. ನನ್ನ ಮುಖ ನೋಡಿದರು. ಎದ್ದು ನಿಂತು, "ಬೋಲ್ಟು ನಾನೇ ಬಿಟ್ಟದ್ದು ಮಾರಾಯ. ವಯಸ್ಸಾಯಿತು. ಇಂಜಿನ್ ನಾನು ಮಾಡಿಕೊಡ್ತೇನೆ. ಅಲ್ಲಿಯವರೆಗೆ ದಿನದ ಬಾಡಿಗೆಯ ಅರ್ಧ ನನ್ನ ಲೆಕ್ಕ" ಎಂದರು. ನಾನು ಬಾಯಿ ತೆರೆದೆ. ಅವರು ಕಣ್ಣಲ್ಲೇ ಸುಮ್ಮನಿರು ಎಂದರು. ಹದಿನೇಳು ವರ್ಷದ ಹೆದರುಪುಕ್ಕಲ ನಾನು, ಸುಮ್ಮನಿದ್ದೆ.

ಕ್ರ್ಯಾಂಕನ್ನು ಮಂಗಳೂರಿಗೆ ಕಳಿಸಿ ತಿರುವಿಸಿದರು. ಹೊಸ ಬೇರಿಂಗು ತಂದರು. ಹದಿನೆಂಟು ದಿನ ಹಿಡಿಯಿತು. ರಾತ್ರಿ ಒಂಬತ್ತಕ್ಕೆ ನನ್ನನ್ನೂ ಕೂರಿಸಿಕೊಂಡು ಒಂದೊಂದೇ ಬೋಲ್ಟು ನನ್ನ ಕೈಯಲ್ಲೇ ಬಿಗಿ ಮಾಡಿಸಿದರು. ಒಂದು ಬೈಗುಳವಿಲ್ಲ. ಕೊನೆಯ ದಿನ ಇಂಜಿನ್ ಹೊತ್ತಿದ ಮೇಲೆ ಮಾತ್ರ, "ನೀನು ಬರೆಯುವ ಬಿಲ್ಲು ಚಂದ ಇರ್ತದೆ. ಪ್ರಶ್ನೆಯೂ ಜಾಸ್ತಿ ಕೇಳ್ತಿ. ಪೇಪರಿಗೆ ಸೇರು. ಅಲ್ಲಿ ಬೋಲ್ಟು ಬಿಟ್ಟರೆ ಮರುದಿನ ತಿದ್ದಲಿಕ್ಕೆ ಆಗ್ತದೆ" ಎಂದರು. ಆಗ ತಮಾಷೆ ಎಂದುಕೊಂಡಿದ್ದೆ. ಹೀಗೆ ಈ ಪತ್ರಿಕೆಯ ಮೆಟ್ಟಿಲು ಹತ್ತಿದವ ನಾನು.

ಆ ಹದಿನೆಂಟು ದಿನದ ಖರ್ಚು ಎಲ್ಲಿಂದ ಬಂತು ಎಂದು ನಾನು ಯಾವತ್ತೂ ಕೇಳಿರಲಿಲ್ಲ. ಕಳೆದ ವಾರ ಮನೆಗೆ ಹೋದಾಗ ಅಮ್ಮನೇ ಹೇಳಿದರು, ಚಾ ಲೋಟ ಕೈಗೆ ಕೊಡುತ್ತಾ, ನಿನ್ನೆ ಮಳೆ ಬಂತು ಎಂದು ಹೇಳುವ ಹಾಗೆ. "ನನ್ನ ಎರಡು ಬಳೆ ಸೊಸೈಟಿಯಲ್ಲಿ ಇಟ್ಟಿದ್ದರು. ಒಂದು ವರ್ಷಕ್ಕೆ ಬಿಡಿಸಿದರು. ನಿನ್ನ ಬೋಲ್ಟು ಅಂತ ನನಗೆ ಅವತ್ತೇ ಗೊತ್ತಿತ್ತು ಮಗ." ಲೋಟ ಹಿಡಿದ ನನ್ನ ಕೈ ಏನಾಯಿತು ಎಂದು ಇಲ್ಲಿ ಬರೆಯುವುದು ಬೇಡ.

ಆರು ದಿನ ಊರಿಗೆ, ಒಂದು ದಿನ ಮನೆಗೆ

ಪರೋಪಕಾರಿಗಳ ಬಗ್ಗೆ ಬರೆಯುವಾಗ ನಾವು ಪತ್ರಿಕೆಯವರು ಒಂದು ತಪ್ಪು ಮಾಡುತ್ತೇವೆ. ಉಪಕಾರ ಪಡೆದವರನ್ನೆಲ್ಲ ಮಾತಾಡಿಸುತ್ತೇವೆ. ಆ ಉಪಕಾರಕ್ಕೆ ಮನೆಯೊಳಗೆ ಯಾರು ನಿದ್ದೆಗೆಟ್ಟರು, ಯಾರ ಬಳೆ ಹೋಯಿತು ಎಂದು ಕೇಳುವುದಿಲ್ಲ. ಫಿಟ್ಟರಣ್ಣನ ಮನೆಯಲ್ಲಿ ಅದಕ್ಕೆ ಒಂದು ಕರಾರು ಇತ್ತು ಎಂಬುದು ನನಗೆ ಗೊತ್ತಾದದ್ದೂ ಅವತ್ತೇ.

ಅಮ್ಮ ಹೇಳಿದ್ದು: "ದೊಡ್ಡ ಮಗಳು ಹುಟ್ಟಿದ ವರ್ಷ. ವಾರದಲ್ಲಿ ನಾಲ್ಕು ರಾತ್ರಿ ಗಂಟೆ. ಮಗುವೂ ಏಳುತ್ತದೆ, ನಾನೂ ಏಳುತ್ತೇನೆ. ಒಂದು ದಿನ ಹೇಳಿದೆ, ಆರು ದಿನ ಊರಿಗೆ ಹೋಗಿ, ನಾನು ಮಾತಾಡುವುದಿಲ್ಲ. ಆದಿತ್ಯವಾರ ಮಾತ್ರ ನಮ್ಮದು. ಗಂಟೆ ಹೊಡೆದರೆ ಏಳ್ಬಾರ್ದು. ಅವರು ಹೇಳಿದರು, ಹೊಡೆದರೆ ಏಳದೆ ನನಗೆ ಆಗುವುದಿಲ್ಲ, ಗಂಟೆಯನ್ನೇ ತೆಗೆದಿಡ್ತೇನೆ ಅಂತ."

ಹಾಗೆ ಶನಿವಾರ ರಾತ್ರಿ ಊಟವಾದ ಮೇಲೆ ಸ್ಪ್ರಿಂಗ್ ಪಟ್ಟಿ ಕಂಬದಿಂದ ಇಳಿಯುತ್ತಿತ್ತು. ಸೋಮವಾರ ಕೋಳಿ ಕೂಗುವಾಗ ಮತ್ತೆ ಏರುತ್ತಿತ್ತು. ಸುಮಾರು ಐವತ್ತು ವರ್ಷ ಇದು ನಡೆಯಿತು ಎಂದರೆ ನಂಬುತ್ತೀರಾ?

ಆದಿತ್ಯವಾರದ ಫಿಟ್ಟರಣ್ಣನೇ ಬೇರೆ ಮನುಷ್ಯ. ಬಿಳಿ ಅಂಗಿ. ಬಾಳೆಲೆಯಲ್ಲಿ ಕಟ್ಟಿದ ಪುಂಡಿ, ಒಂದು ಡಬ್ಬಿ ಚಟ್ನಿ. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಒಬ್ಬ ಮಗ. ಮಕ್ಕಳು ಸಣ್ಣವರಿದ್ದಾಗ ಹೆಚ್ಚಾಗಿ ಕಾರಿಂಜಕ್ಕೆ. ವಗ್ಗದ ಹತ್ತಿರ ಬಸ್ಸಿಳಿದು ನಡೆದು, ಬಂಡೆಯ ಮೇಲಿನ ಈಶ್ವರ ದೇವಸ್ಥಾನದವರೆಗೆ ಹತ್ತುವುದು, ಮಂಗಗಳಿಂದ ಬುತ್ತಿ ಕಾಪಾಡಿಕೊಳ್ಳುವುದು. ಆಟಿ ಅಮಾವಾಸ್ಯೆಗೆ ಅಲ್ಲಿನ ತೀರ್ಥಸ್ನಾನ ತಪ್ಪಿಸಿದವರಲ್ಲ. ಮಕ್ಕಳು ಬಲಿತ ಮೇಲೆ ಗಡಾಯಿಕಲ್ಲು. 1794ರಲ್ಲಿ ಟಿಪ್ಪು ಕಟ್ಟಿಸಿದ ಜಮಲಾಬಾದ್ ಕೋಟೆ ಇರುವ ಆ ಒಂಟಿ ಬಂಡೆಗೆ 1,800ಕ್ಕೂ ಹೆಚ್ಚು ಮೆಟ್ಟಿಲು. ಮೇಲೆ ನಿಂತು ಬೆಳ್ತಂಗಡಿಯ ಕಡೆ ಬರುವ ಗಾಡಿಗಳನ್ನು ತೋರಿಸಿ, "ಅಗೊ, ಆ ಲಾರಿಯ ಹೊಗೆ ನೋಡಿ, ಇಂಜೆಕ್ಟರ್ ಹೋಗಿದೆ" ಎನ್ನುತ್ತಿದ್ದರಂತೆ. ಕಸುಬು ಎಲ್ಲಿ ಬಿಡುತ್ತದೆ?

ಮೊದಲ ಮಳೆಗೆ ಗುಡುಗು ಬಂತೆಂದರೆ ಗುಡ್ಡದಲ್ಲಿ ಕಲ್ಲಣಬೆ ಹುಡುಕುವುದು. ಹೊಳೆಯಿಂದ ತೋಡಿಗೆ, ತೋಡಿನಿಂದ ಗದ್ದೆಗೆ ಮೀನು ಏರುವ ಉಬರಿನ ರಾತ್ರಿ ಆದಿತ್ಯವಾರವೇ ಬಿದ್ದರೆ ಮಗನ ಜತೆ ಟಾರ್ಚು ಹಿಡಿದು ನೀರಿಗಿಳಿಯುವುದು. ಯಾವ ಬೇಲಿಯಲ್ಲಿ ಚೂರಿಮುಳ್ಳು ಹಣ್ಣಾಗಿದೆ, ಯಾವ ಗುಡ್ಡದಲ್ಲಿ ಕುಂಟಾಲ ಕಪ್ಪಾಗಿದೆ ಎಲ್ಲ ಲೆಕ್ಕ ತಲೆಯಲ್ಲಿ. ಸಾಲದ ಪುಸ್ತಕ ಇಡದ ಮನುಷ್ಯನಿಗೆ ಈ ಪುಸ್ತಕ ಬಾಯಿಪಾಠ. ಬಳೆ ಅಡವಿದ್ದ ಆ ವರ್ಷವೂ ಆದಿತ್ಯವಾರ ತಪ್ಪಲಿಲ್ಲವಂತೆ. ಬಸ್ಸಿನ ಖರ್ಚು ಉಳಿಸಲು ಗಂಡ ಹೆಂಡತಿ ಕಾರಿಂಜಕ್ಕೆ ನಡೆದೇ ಹೋಗಿ ಬಂದರು. "ಆ ವರ್ಷದ್ದೇ ಚಂದ ಇತ್ತು" ಎಂದರು ಅಮ್ಮ.

ಕರಾರು ಮುರಿದದ್ದೇ ಇಲ್ಲವೇ? ಒಮ್ಮೆ ಮುರಿದದ್ದು ಅಮ್ಮನೇ. ಚಾರ್ಮಾಡಿಗೆ ಜಲಪಾತ ನೋಡಲು ಹೋದ ಒಂದು ಮಳೆಗಾಲದ ಆದಿತ್ಯವಾರ, ತಿರುವಿನಲ್ಲಿ ಒಂದು ಕಾರು ಬೋನೆಟ್ ಎತ್ತಿ ನಿಂತಿತ್ತು. ಒಳಗೆ ತುಂಬು ಬಸುರಿ. ಫಿಟ್ಟರಣ್ಣ ಹೆಂಡತಿಯ ಮುಖ ನೋಡಿದರು. "ನನ್ನ ಮುಖ ಎಂತ ನೋಡುವುದು, ಇಳೀರಿ" ಎಂದರಂತೆ ಇವರು. ಫ್ಯಾನ್ ಬೆಲ್ಟ್ ಹೋಗಿತ್ತು. ಹೇಗೋ ಕಟ್ಟಿ, ರೇಡಿಯೇಟರಿಗೆ ಝರಿಯ ನೀರು ಹಾಕಿ, ಉಜಿರೆವರೆಗೆ ಅದೇ ಕಾರಿನಲ್ಲಿ ಕೂತು ಮುಟ್ಟಿಸಿದರು. ಮಕ್ಕಳು ಮತ್ತು ಅಮ್ಮ ಹಿಂದಿನ ಬಸ್ಸಿನಲ್ಲಿ ಬಂದರು.

ಕೊನೆಯ ದಿನಗಳು

ಬಿ.ಎಸ್. 6 ಗಾಡಿಗಳು ಬಂದ ಮೇಲೆ ಫಿಟ್ಟರಣ್ಣನ ಕಿವಿಗೆ ಕೆಲಸ ಕಡಿಮೆಯಾಯಿತು. ಈಗಿನ ಇಂಜಿನಿಗೆ ಕಿವಿ ಕೊಟ್ಟರೆ ಸಾಲದು, ಮೊದಲು ಸ್ಕ್ಯಾನರ್ ಚುಚ್ಚಬೇಕು. ಅವರು ಅದಕ್ಕೆ ಬೇಸರಪಟ್ಟವರಲ್ಲ. "ಹೊಗೆ ಕಡಿಮೆಯಾಯಿತಲ್ಲ, ಒಳ್ಳೆಯದೇ" ಎಂದು ಕೆಮ್ಮುತ್ತಲೇ ಹೇಳುತ್ತಿದ್ದರು.

ಆ ಕೆಮ್ಮಿನ ಬಗ್ಗೆ ಒಂದು ಮಾತು, ಗ್ಯಾರೇಜಿನಲ್ಲಿ ದುಡಿಯುವ ಹುಡುಗರಿಗಾಗಿ. ಬ್ರೇಕ್ ಡ್ರಮ್ ಬಿಚ್ಚಿದಾಗ ಒಳಗಿನ ಕಪ್ಪು ಧೂಳನ್ನು ಬಾಯಿಯಲ್ಲೋ ಗಾಳಿಪೈಪಿನಲ್ಲೋ ಊದಿ ತೆಗೆಯುವುದು ಹಿಂದಿನಿಂದ ಬಂದ ರೂಢಿ. ಹಳೇ ಬ್ರೇಕ್ ಲೈನರಿನಲ್ಲಿ ಕಲ್ನಾರು ಇರುತ್ತಿತ್ತು. ಅದರ ಧೂಳು ಎದೆಯೊಳಗೆ ಹೊಕ್ಕರೆ ಹೊರಗೆ ಬರುವುದಿಲ್ಲ, ಎಷ್ಟೋ ವರ್ಷದ ಮೇಲೆ ರೋಗವಾಗಿ ಕಾಣುತ್ತದೆ. ಫಿಟ್ಟರಣ್ಣನ ಕೆಮ್ಮು ಅದರದ್ದೇ ಎಂದು ನಾನು ಹೇಳುವುದಿಲ್ಲ. ಆದರೆ ಊದಬೇಡಿ. ಒದ್ದೆ ಬಟ್ಟೆಯಲ್ಲಿ ಒರಸಿ.

ಹಿಂದೆ 234 ಎಂದು ಕರೆಯುತ್ತಿದ್ದ, ಈಗ 73 ಆಗಿರುವ ಹೆದ್ದಾರಿ ಬಿ.ಸಿ.ರೋಡಿನಿಂದ ಪುಂಜಾಲಕಟ್ಟೆವರೆಗೆ ಅಗಲವಾಯಿತು. ಆಮೇಲೆ ಇಲ್ಲಿಂದ ಚಾರ್ಮಾಡಿ ಕಡೆಗೂ ಕೆಲಸ ಸುರುವಾಯಿತು. ಅಗಲೀಕರಣದಲ್ಲಿ ಗ್ಯಾರೇಜಿನ ಎದುರಿನ ಸಾಲು ಹೋಯಿತು. ಗಂಟೆಯ ಕಂಬವೂ ಅದರಲ್ಲಿ ಸೇರಿತ್ತು. ಫಿಟ್ಟರಣ್ಣ ಪಟ್ಟಿಯನ್ನು ಒಳಗೆ ತಂದು ಗೋಡೆಗೆ ಒರಗಿಸಿದರು. "ವಾರವಿಡೀ ಆದಿತ್ಯವಾರ ಆಯಿತಲ್ಲ" ಎಂದು ಹೆಂಡತಿಗೆ ಹೇಳಿದರಂತೆ. ಹೆದ್ದಾರಿಯಲ್ಲಿ ಗಾಡಿ ಕೆಟ್ಟವರಿಗೆ ಈಗ 1033 ಎಂಬ ಫೋನ್ ನಂಬರು ಉಂಟು. ವಿಮಾ ಕಂಪೆನಿಯವರ ಕ್ರೇನೂ ಉಂಟು. ಫೋನಿನಲ್ಲಿ ಹಿಂದಿಯಲ್ಲಿ ಜಾಗ ವಿವರಿಸುವ ಹೊತ್ತಿಗೆ ಬೆಳಗಾಗದಿದ್ದರೆ ಅದೃಷ್ಟ.

ಬೊಜ್ಜ ಕಳೆದು ನಾಲ್ಕನೇ ರಾತ್ರಿ. ಸುಮಾರು ಎರಡು ಗಂಟೆ. ಮನೆಯ ಬಾಗಿಲು ಯಾರೋ ಬಡಿದರು. ಮಗ ಸೌದಿಯಲ್ಲಿ, ಹೆಣ್ಣುಮಕ್ಕಳು ಗಂಡನ ಮನೆಗೆ ಹಿಂತಿರುಗಿದ್ದರು. ಅಮ್ಮ ಒಬ್ಬರೇ. ಕಿಟಕಿಯಿಂದ ನೋಡಿದರೆ ವಯಸ್ಸಾದ ಲಾರಿ ಡ್ರೈವರು, ಮಳೆಯಲ್ಲಿ ನೆನೆದು ನಿಂತಿದ್ದಾನೆ. "ಗಂಟೆ ಎಲ್ಲಿ ಅಮ್ಮ? ಹುಡುಕಿ ಹುಡುಕಿ ಸಾಕಾಯ್ತು" ಎಂದನಂತೆ. ವಿಷಯ ಕೇಳಿ ಅಲ್ಲೇ ಮೆಟ್ಟಿಲಲ್ಲಿ ಕೂತುಬಿಟ್ಟ. ಅಮ್ಮ ಚಾ ಕಾಯಿಸಿ ಕೊಟ್ಟರು. ಗ್ಯಾರೇಜು ಈಗ ನೋಡಿಕೊಳ್ಳುವ ಶಿಷ್ಯನಿಗೆ ಫೋನು ಮಾಡಿದರು. ಅವನ ಮನೆ ಮಡಂತ್ಯಾರಿನಲ್ಲಿ. ಬೈಕಿನಲ್ಲಿ ಬಂದು, ಟಾರ್ಚು ಹಿಡಿದು ಲಾರಿಯಡಿಗೆ ಹೊಕ್ಕ.

ಬೆಳಗ್ಗೆ ಆ ಶಿಷ್ಯ ಕೈ ತೊಳೆಯುತ್ತಾ, "ಗಂಟೆಯನ್ನು ಹೊಸ ಕಂಬಕ್ಕೆ ಕಟ್ಟುವುದಾ ಅಮ್ಮ? ನಾನು ಇಲ್ಲೇ ಹತ್ತಿರ ಬಾಡಿಗೆ ಮನೆ ನೋಡ್ತೇನೆ" ಎಂದು ಕೇಳಿದ. ಮದುವೆಯಾಗಿ ಎರಡು ವರ್ಷವಾದ ಹುಡುಗ. ಮನೆಯಲ್ಲಿ ಐದು ತಿಂಗಳ ಕೂಸು.

"ಕಟ್ಟು. ಶನಿವಾರ ರಾತ್ರಿ ಇಳಿಸಿಡ್ಬೇಕು" ಎಂದರು ಅಮ್ಮ. "ಆದರೆ ಈಗ ಬೇಡ. ಮೊದಲು ಮನೆಗೆ ಹೋಗಿ ನಿನ್ನ ಹೆಂಡತಿಯ ಹತ್ತಿರ ಕೇಳಿಕೊಂಡು ಬಾ."

ಈ ಬರಹ ಅಚ್ಚಿಗೆ ಹೋಗುವ ಹೊತ್ತಿಗೆ ಸ್ಪ್ರಿಂಗ್ ಪಟ್ಟಿ ಇನ್ನೂ ಚಾವಡಿಯ ಗೋಡೆಗೆ ಒರಗಿಯೇ ಉಂಟು.